ಟ್ರಿಪ್ಟೊಫ್ಯಾನ್ ಸಾಲದೆಂದು ಬ್ಯಾಕ್ಟೀರಿಯಾಕ್ಕೆ ತಿಳಿಯುವುದು ಹೇಗೆ?

ಪ್ರೋಟೀನು ಕಟ್ಟಲು ಬೇಕಾದ 20 ಅಮೈನೋ ಆಮ್ಲಗಳಲ್ಲಿ ಒಂಬತ್ತನ್ನು ಮನುಷ್ಯನ ದೇಹ ತಾನಾಗಿ ತಯಾರಿಸಲಾರದು. ಅವು ಊಟದಿಂದಲೇ ಬರಬೇಕು. ನಮ್ಮ ಕರುಳಿನಲ್ಲಿರುವ ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಆ ಹಂಗಿಲ್ಲ. ಒಂದಿಷ್ಟು ಗ್ಲೂಕೋಸ್, ಅಮೋನಿಯ, ಕೆಲವು ಲವಣ ಸಿಕ್ಕರೆ ಇಪ್ಪತ್ತನ್ನೂ ಮಾಡಿಕೊಳ್ಳುತ್ತದೆ. ಆದರೆ ಈ ತಯಾರಿಗೆ ಬೆಲೆ ತೆರಬೇಕು. ಗ್ಲೈಸೀನ್, ಅಲನೀನ್‌ಗಳಂಥ ಚಿಕ್ಕ ಅಣುವಿಗೆ ಜೀವಕೋಶದ ಶಕ್ತಿಯ ನಾಣ್ಯವಾದ ಎಟಿಪಿಯ ಲೆಕ್ಕದಲ್ಲಿ ಸುಮಾರು 12 ಸಾಕು. ಟ್ರಿಪ್ಟೊಫ್ಯಾನ್‌ನ ಒಂದೇ ಅಣುವಿಗೆ ಸುಮಾರು 74 ಬೇಕು. ಆ ಕೆಲಸ ಮಾಡುವ ಕಿಣ್ವಗಳೂ ಪ್ರೋಟೀನುಗಳೇ ಆದ್ದರಿಂದ ಅವುಗಳನ್ನು ಕಟ್ಟುವ ಖರ್ಚು ಬೇರೆ. ಇಷ್ಟಾಗಿಯೂ ಜೀವಕೋಶದ ಪ್ರೋಟೀನುಗಳಲ್ಲಿ ಟ್ರಿಪ್ಟೊಫ್ಯಾನ್‌ನ ಪಾಲು ನೂರರಲ್ಲಿ ಒಂದರ ಆಸುಪಾಸು ಮಾತ್ರ.

ಇಷ್ಟು ದುಬಾರಿಯಾದ ವಸ್ತು ಹೊರಗಿನಿಂದ ಬಂದಾಗ ತಯಾರಿ ನಿಲ್ಲಬೇಕು, ಬರದಿದ್ದಾಗ ಶುರುವಾಗಬೇಕು. ಅನುಕೂಲವಿದ್ದರೆ ಇಪ್ಪತ್ತು ನಿಮಿಷಕ್ಕೊಮ್ಮೆ ಇಬ್ಭಾಗವಾಗುವ ಜೀವಿಗಳ ನಡುವೆ ಇದರಲ್ಲಿ ಸ್ವಲ್ಪ ತಪ್ಪಿದವನು ಕೆಲವೇ ದಿನಗಳಲ್ಲಿ ಕಾಣೆಯಾಗುತ್ತಾನೆ. ನಿಲ್ಲಿಸಲು, ಶುರುಮಾಡಲು ಮೊದಲು ಕೊರತೆಯ ಅರಿವಾಗಬೇಕಲ್ಲ? ಕಣ್ಣು, ನಾಲಗೆ, ನರ ಯಾವುದೂ ಇಲ್ಲದ ಜೀವಕೋಶ ಯಾವುದನ್ನು ನೋಡಿ ‘ಸಾಲದು’ ಎಂದು ತಿಳಿಯುತ್ತದೆ? ಎಪ್ಪತ್ತು ವರ್ಷಗಳಿಂದ ಬೆಳೆದುಬಂದ ಈ ಕ್ಷೇತ್ರದ ನೂರಾರು ಪ್ರಯೋಗಗಳು ಕೊನೆಗೆ ಈ ಒಂದು ಪ್ರಶ್ನೆಗೇ ಬಂದು ಸೇರುತ್ತವೆ ಎಂಬುದು ನನ್ನ ಅಭಿಪ್ರಾಯ.

ಕಥೆ ಶುರುವಾಗುವುದು ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯಲ್ಲಿ. ಬೆಳೆಯುತ್ತಿರುವ ಬ್ಯಾಕ್ಟೀರಿಯಾಕ್ಕೆ ಟ್ರಿಪ್ಟೊಫ್ಯಾನ್ ಉಣಿಸಿದರೆ ಅದನ್ನು ತಯಾರಿಸುವ ಕಿಣ್ವದ ಉತ್ಪಾದನೆ ನಿಂತುಹೋಗುತ್ತದೆ ಎಂದು 1953ರಲ್ಲಿ ಜಾಕ್ ಮೊನೊ ಮತ್ತು ಜರ್ಮೇನ್ ಕೊಹೆನ್-ಬಜೀರ್ ತೋರಿಸಿದರು. 1956ರಲ್ಲಿ ಎಡ್ವಿನ್ ಅಂಬಾರ್ಗರ್ ಇನ್ನೊಂದು ಬಗೆಯ ತಡೆಯನ್ನು ಕಂಡರು. ಐಸೊಲ್ಯೂಸೀನ್ ಹೆಚ್ಚಾದಾಗ ಅದು ತನ್ನ ತಯಾರಿಯ ಹಾದಿಯ ಮೊದಲ ಕಿಣ್ವಕ್ಕೇ ಅಂಟಿಕೊಂಡು ಅದನ್ನು ಸ್ತಬ್ಧಗೊಳಿಸುತ್ತದೆ. ಈ ಎರಡೂ ಬೇರೆ ಬೇರೆ ಎಂಬುದನ್ನು ಓದುಗರು ನೆನಪಿಡಬೇಕು. ಅಂಬಾರ್ಗರ್ ಕಂಡದ್ದು ಕ್ಷಣದಲ್ಲಿ ಆಗುವ ತಡೆ. ಇರುವ ಕಿಣ್ವ ಇದ್ದಲ್ಲೇ ಕೆಲಸ ನಿಲ್ಲಿಸುತ್ತದೆ. ಮೊನೊ ಕಂಡದ್ದು ನಿಧಾನವಾದ, ಆಳವಾದ ತಡೆ. ಅಲ್ಲಿ ಕಿಣ್ವವೇ ಹುಟ್ಟುವುದಿಲ್ಲ. ಈ ಲೇಖನ ಮೊನೊ ಕಂಡ ತಡೆಯನ್ನು ಕುರಿತದ್ದು.

1959ರಲ್ಲಿ ಬ್ರೂಸ್ ಏಮ್ಸ್ ಮತ್ತು ಬಾರ್ಬರಾ ಗ್ಯಾರಿ ಸಾಲ್ಮೊನೆಲ್ಲಾದಲ್ಲಿ ಹಿಸ್ಟಿಡೀನ್ ತಯಾರಿಸುವ ನಾಲ್ಕು ಕಿಣ್ವಗಳನ್ನು ಅಳೆದರು. ನಾಲ್ಕೂ ಒಂದೇ ಪ್ರಮಾಣದಲ್ಲಿ ಏರುತ್ತಿದ್ದವು, ಒಂದೇ ಪ್ರಮಾಣದಲ್ಲಿ ಇಳಿಯುತ್ತಿದ್ದವು. ಅವುಗಳ ಜೀನ್‌ಗಳು ಡಿಎನ್‌ಎಯಲ್ಲಿ ಅಕ್ಕಪಕ್ಕ ಇದ್ದವು. ಒಂದೇ ಕೀಲಿಯಿಂದ ಇಡೀ ಸಾಲು ತೆರೆದು ಮುಚ್ಚುತ್ತದೆ ಎಂಬ ವಿಚಾರವನ್ನು 1961ರಲ್ಲಿ ಫ್ರಾಂಸ್ವಾ ಜಾಕೋಬ್ ಮತ್ತು ಮೊನೊ ಆಪೆರಾನ್ ಎಂಬ ಹೆಸರಿನಲ್ಲಿ ಸಿದ್ಧಾಂತವಾಗಿ ನಿಲ್ಲಿಸಿದರು. ಜೀನ್ ಸಾಲಿನ ಬಾಗಿಲಲ್ಲಿ ರೆಪ್ರೆಸರ್ ಎಂಬ ಒಂದು ವಸ್ತು ಕೂತು ನಕಲು ಮಾಡುವ ಯಂತ್ರವನ್ನು ತಡೆಯುತ್ತದೆ ಎಂಬುದು ಅದರ ತಿರುಳು. ಆ ವಸ್ತು ಆರ್‌ಎನ್‌ಎ ಇರಬಹುದೆಂದು ಅವರು ಅಂದು ಊಹಿಸಿದ್ದರು. ಲ್ಯಾಕ್ಟೋಸ್ ಸಕ್ಕರೆಯನ್ನು ಬಳಸುವ ಜೀನ್‌ಗಳ ಸಾಲಾದ ಲ್ಯಾಕ್ ಆಪೆರಾನಿನ ರೆಪ್ರೆಸರ್ ಪ್ರೋಟೀನು ಎಂದು 1966ರಲ್ಲಿ ಖಚಿತವಾದ ಮೇಲೆ ಆ ಊಹೆಯನ್ನು ಎಲ್ಲರೂ ಕೈಬಿಟ್ಟರು. ಬೇಗ ಕೈಬಿಟ್ಟರು ಎಂದು ಈಗ ಅನ್ನಿಸುತ್ತದೆ.

ಟ್ರಿಪ್ಟೊಫ್ಯಾನ್ ಆಪೆರಾನಿನಲ್ಲಿ ರೆಪ್ರೆಸರಿನ ಕೆಲಸ ಅಚ್ಚುಕಟ್ಟಾದದ್ದು. ಇ. ಕೋಲಿಯಲ್ಲಿ ಐದು ಜೀನ್‌ಗಳು ಒಂದು ಸಾಲಿನಲ್ಲಿವೆ. ಅವುಗಳಿಂದ ದೂರದಲ್ಲಿ, ಡಿಎನ್‌ಎಯ ಬೇರೊಂದು ಕಡೆ ಇರುವ ಜೀನ್‌ನಿಂದ ಈ ರೆಪ್ರೆಸರ್ ಹುಟ್ಟುತ್ತದೆ. ಬರಿಗೈಯಲ್ಲಿ ಅದು ನಿರುಪಯುಕ್ತ; ಡಿಎನ್‌ಎಯನ್ನು ಗಟ್ಟಿಯಾಗಿ ಹಿಡಿಯಲಾರದು. ಟ್ರಿಪ್ಟೊಫ್ಯಾನ್ ಅಣುಗಳು ಬಂದು ಕೂತಾಗ ಅದರ ಆಕಾರ ಸ್ವಲ್ಪ ತಿರುಗಿ, ಡಿಎನ್‌ಎಯ ತೋಡಿಗೆ ಸರಿಯಾಗಿ ಹೊಂದುತ್ತದೆ. ಹಾಗೆ ಹೊಂದಿದೊಡನೆ ನಕಲಿನ ಯಂತ್ರಕ್ಕೆ ದಾರಿ ಮುಚ್ಚುತ್ತದೆ. ಅಂದರೆ ತಯಾರಾದ ಸರಕೇ ತನ್ನ ತಯಾರಿಗೆ ತಡೆಯಾಗಿ ನಿಲ್ಲುತ್ತದೆ. ಅರ್ಜಿನೀನ್‌ಗೆ ಇಂಥದೇ ಒಂದು ರೆಪ್ರೆಸರ್ ಇದೆ. ಅದು ಡಿಎನ್‌ಎಯ ಬೇರೆ ಬೇರೆ ಮೂಲೆಗಳಲ್ಲಿ ಚದುರಿರುವ ಜೀನ್‌ಗಳನ್ನೆಲ್ಲ ಏಕಕಾಲಕ್ಕೆ ಆಳುತ್ತದೆ. ಮೆಥಿಯೊನೀನ್‌ನ ರೆಪ್ರೆಸರ್ ಮೆಥಿಯೊನೀನನ್ನೇ ಗುರುತಿಸುವುದಿಲ್ಲ. ಅದರಿಂದ ಹುಟ್ಟುವ ಎಸ್-ಅಡೆನೊಸಿಲ್ ಮೆಥಿಯೊನೀನನ್ನು ಗುರುತಿಸುತ್ತದೆ.

ಇಲ್ಲಿಗೆ ಪ್ರಶ್ನೆ ಮುಗಿಯಿತೆಂದು ಬಹುಮಂದಿ ನಂಬಿದ್ದರು. ಆದರೆ ಹಿಸ್ಟಿಡೀನ್ ಮಾತು ಕೇಳಲಿಲ್ಲ.

ಏಮ್ಸ್ ಮತ್ತು ಫಿಲಿಪ್ ಹಾರ್ಟ್‌ಮನ್‌ರ ಬಳಗ ಸಾಲ್ಮೊನೆಲ್ಲಾದ ಹಿಸ್ಟಿಡೀನ್ ಆಪೆರಾನಿನ ರೆಪ್ರೆಸರಿಗಾಗಿ ವರ್ಷಾನುಗಟ್ಟಲೆ ಹುಡುಕಿತು. ನಿಯಂತ್ರಣ ತಪ್ಪಿದ ಬ್ಯಾಕ್ಟೀರಿಯಾಗಳನ್ನು ಆರಿಸಿ, ಕೆಟ್ಟ ಜೀನ್ ಯಾವುದೆಂದು ನೋಡಿದರೆ ಅದು ಯಾವ ರೆಪ್ರೆಸರಿನದೂ ಆಗಿರುತ್ತಿರಲಿಲ್ಲ. ಒಂದರಲ್ಲಿ ಹಿಸ್ಟಿಡೀನನ್ನು ಪ್ರೋಟೀನು ಕಟ್ಟುವಲ್ಲಿಗೆ ಹೊರುವ ಟಿಆರ್‌ಎನ್‌ಎಯ ಜೀನ್ ಕೆಟ್ಟಿತ್ತು. ಇನ್ನೊಂದರಲ್ಲಿ ಆ ಟಿಆರ್‌ಎನ್‌ಎ ಮೇಲೆ ಹಿಸ್ಟಿಡೀನ್ ಹೇರುವ ಕಿಣ್ವ. ಮತ್ತೊಂದರಲ್ಲಿ ಆ ಟಿಆರ್‌ಎನ್‌ಎಗೆ ಸಣ್ಣ ರಾಸಾಯನಿಕ ತಿದ್ದುಪಡಿ ಮಾಡುವ ಕಿಣ್ವ. ಎಲ್ಲವೂ ಟಿಆರ್‌ಎನ್‌ಎ ಕಡೆಗೇ ಬೆರಳು ತೋರಿಸುತ್ತಿದ್ದವು. ಹಾದಿಯ ಮೊದಲ ಕಿಣ್ವವೇ ರೆಪ್ರೆಸರ್ ಆಗಿರಬಹುದೆಂಬ ಊಹೆಯೂ ಕೆಲಕಾಲ ಓಡಾಡಿತು. ಇಲ್ಲದ ವಸ್ತುವಿಗಾಗಿ ಇಷ್ಟು ಶ್ರದ್ಧೆಯಿಂದ ಹುಡುಕಿದ್ದು ವ್ಯರ್ಥವಾಗಲಿಲ್ಲ. ಆ ಮ್ಯುಟೆಂಟ್‌ಗಳ ಪಟ್ಟಿಯೇ ಮುಂದೆ ಉತ್ತರಕ್ಕೆ ಸಾಕ್ಷಿಯಾಯಿತು.

ಉತ್ತರ ಮೊದಲು ಕಂಡದ್ದು ಟ್ರಿಪ್ಟೊಫ್ಯಾನ್‌ನಲ್ಲಿ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಚಾರ್ಲ್ಸ್ ಯಾನೊಫ್‌ಸ್ಕಿ ಅವರ ಪ್ರಯೋಗಾಲಯದಲ್ಲಿ. ಅಲ್ಲಿನವರಿಗೆ ಒಂದು ಸಂಗತಿ ಕಾಡುತ್ತಿತ್ತು. ರೆಪ್ರೆಸರ್ ಪೂರ್ತಿ ಕೆಟ್ಟುಹೋದ ಬ್ಯಾಕ್ಟೀರಿಯಾದಲ್ಲಿ ಆಪೆರಾನ್ ಸದಾ ಗರಿಷ್ಠ ಮಟ್ಟದಲ್ಲಿ ಓಡಬೇಕಿತ್ತು. ಆದರೆ ಅದನ್ನು ಟ್ರಿಪ್ಟೊಫ್ಯಾನ್‌ನ ಬರಕ್ಕೆ ದೂಡಿದರೆ ಉತ್ಪಾದನೆ ಇನ್ನೂ ಏರುತ್ತಿತ್ತು. 1973ರಲ್ಲಿ ಎಥೆಲ್ ಜ್ಯಾಕ್ಸನ್ ಮತ್ತು ಯಾನೊಫ್‌ಸ್ಕಿ, ರೆಪ್ರೆಸರ್ ಕೂರುವ ಜಾಗಕ್ಕೂ ಮೊದಲ ಜೀನ್‌ಗೂ ನಡುವಿನ ಡಿಎನ್‌ಎ ತುಣುಕು ಕಳೆದುಹೋದ ಮ್ಯುಟೆಂಟ್‌ಗಳನ್ನು ವರ್ಣಿಸಿದರು. ಏನೂ ಕೆಲಸವಿಲ್ಲದಂತೆ ಕಾಣುತ್ತಿದ್ದ ಆ ತುಣುಕು ಹೋದರೆ ಉತ್ಪಾದನೆ ಹಲವು ಪಟ್ಟು ಹೆಚ್ಚುತ್ತಿತ್ತು. ಬಾಗಿಲು ದಾಟಿದ ಮೇಲೆ ಎರಡನೆಯ ತಡೆಯೊಂದು ಇತ್ತು.

ಆ ತಡೆಯ ಕೆಲಸವನ್ನು ಸಾವಧಾನವಾಗಿ ನೋಡಬೇಕು. ನಾನು ಓದಿದ ಜೀವವಿಜ್ಞಾನದಲ್ಲಿ ಇದಕ್ಕಿಂತ ಚೆಲುವಾದದ್ದು ಕಡಿಮೆ. ಮೊದಲ ಜೀನ್‌ಗೆ ಮುಂಚೆ 162 ಅಕ್ಷರಗಳ ಒಂದು ಮುಂಭಾಗವಿದೆ. ನಕಲು ಮಾಡುವ ಪಾಲಿಮರೇಸ್ ಯಂತ್ರ ಮೊದಲು ಇದನ್ನೇ ಆರ್‌ಎನ್‌ಎಯಾಗಿ ಬರೆಯುತ್ತದೆ. ಈ ಆರ್‌ಎನ್‌ಎಯಲ್ಲಿ ನಾಲ್ಕು ತುಂಡುಗಳಿದ್ದು, ಪಕ್ಕದ ತುಂಡುಗಳು ಒಂದಕ್ಕೊಂದು ಅಂಟಿ ಮಡಚಿಕೊಳ್ಳಬಲ್ಲವು. ಮೂರನೆಯದು ನಾಲ್ಕನೆಯದರೊಡನೆ ಅಂಟಿದರೆ ಆ ಮಡಿಕೆ ಪಾಲಿಮರೇಸನ್ನು ಡಿಎನ್‌ಎಯಿಂದ ಕಳಚಿ ಬೀಳಿಸುತ್ತದೆ. ಐದು ಜೀನ್‌ಗಳ ನಕಲು ಅಲ್ಲಿಗೆ ಮುಗಿಯಿತು. ಆದರೆ ಮೂರನೆಯದು ಮೊದಲೇ ಎರಡನೆಯದರೊಡನೆ ಕೂಡಿಕೊಂಡಿದ್ದರೆ ನಾಲ್ಕನೆಯದಕ್ಕೆ ಜೊತೆ ಇರುವುದಿಲ್ಲ. ಪಾಲಿಮರೇಸ್ ಮುಂದೆ ಸಾಗುತ್ತದೆ.

ಮೂರನೆಯ ತುಂಡು ಯಾರ ಜೊತೆ ಕೂಡಬೇಕೆಂದು ತೀರ್ಮಾನಿಸುವುದು ಪ್ರೋಟೀನು ಕಟ್ಟುವ ಯಂತ್ರವಾದ ರೈಬೋಸೋಮ್. ಬ್ಯಾಕ್ಟೀರಿಯಾದಲ್ಲಿ ಆರ್‌ಎನ್‌ಎ ಬರೆದು ಮುಗಿಯುವ ಮುಂಚೆಯೇ ರೈಬೋಸೋಮ್ ಅದನ್ನು ಓದಲು ಹತ್ತಿರುತ್ತದೆ. ಮುಂಭಾಗದಲ್ಲಿ 14 ಅಮೈನೋ ಆಮ್ಲಗಳ ಒಂದು ಕಿರುಸರಪಳಿಗೆ ಸಂಕೇತವಿದೆ. ಆ ಸರಪಳಿಯಿಂದ ಜೀವಕೋಶಕ್ಕೆ ಬೇರಾವ ಉಪಯೋಗವೂ ಇಲ್ಲ. ಅದರ ಹತ್ತನೆಯ ಮತ್ತು ಹನ್ನೊಂದನೆಯ ಸ್ಥಾನಗಳಲ್ಲಿ ಒಂದರ ಪಕ್ಕ ಒಂದರಂತೆ ಎರಡು ಟ್ರಿಪ್ಟೊಫ್ಯಾನ್‌ಗಳಿವೆ. ನೂರಕ್ಕೆ ಒಂದರಂತೆ ಬರುವ ಅಮೈನೋ ಆಮ್ಲ ಇಲ್ಲಿ ಜೋಡಿಯಾಗಿ ಬಂದದ್ದು ಆಕಸ್ಮಿಕವಲ್ಲ. ಟ್ರಿಪ್ಟೊಫ್ಯಾನ್ ಹೊತ್ತ ಟಿಆರ್‌ಎನ್‌ಎ ಸಾಕಷ್ಟಿದ್ದರೆ ರೈಬೋಸೋಮ್ ಎರಡನ್ನೂ ದಾಟಿ ಸರಪಳಿಯ ಕೊನೆಗೆ ಬಂದು ಎರಡನೆಯ ತುಂಡಿನ ಮೇಲೆ ಕೂರುತ್ತದೆ. ಆಗ ಮೂರು ನಾಲ್ಕರೊಡನೆ ಕೂಡಿ ನಕಲು ನಿಲ್ಲುತ್ತದೆ. ಕೊರತೆಯಿದ್ದರೆ ರೈಬೋಸೋಮ್ ಆ ಜೋಡಿಯ ಬಳಿಯೇ, ಮೊದಲ ತುಂಡಿನ ಮೇಲೆಯೇ ಸಿಕ್ಕಿಬೀಳುತ್ತದೆ. ಎರಡನೆಯ ತುಂಡು ಬಿಡುವಾಗಿ ಮೂರನೆಯದನ್ನು ಸೆಳೆದುಕೊಳ್ಳುತ್ತದೆ; ಐದು ಜೀನ್‌ಗಳೂ ನಕಲಾಗುತ್ತವೆ. ಒಂದು ಮತ್ತು ಎರಡನೆಯ ತುಂಡುಗಳ ಮಡಿಕೆ ಮೊದಲಿಗೆ ಪಾಲಿಮರೇಸನ್ನು ತುಸುಹೊತ್ತು ನಿಲ್ಲಿಸಿಕೊಳ್ಳುತ್ತದೆ, ರೈಬೋಸೋಮ್ ಬಂದು ಬಿಡಿಸುತ್ತದೆ. ಹೀಗೆ ಎರಡು ಯಂತ್ರಗಳ ನಡಿಗೆ ಹೊಂದಿಕೊಳ್ಳುತ್ತದೆ.

ಈ ವ್ಯವಸ್ಥೆಗೆ ಅಟೆನ್ಯುಯೇಷನ್ ಎಂದು ಹೆಸರು. ರೆಪ್ರೆಸರಿಗೂ ಇದಕ್ಕೂ ಇರುವ ವ್ಯತ್ಯಾಸ ಅಳತೆಯ ವಸ್ತುವಿನಲ್ಲಿದೆ. ಜಾತ್ರೆಯ ಅನ್ನಸಂತರ್ಪಣೆಯಲ್ಲಿ ಒಬ್ಬ ಉಗ್ರಾಣದ ಅಕ್ಕಿ ಮೂಟೆ ಎಣಿಸುತ್ತಾನೆ, ಇನ್ನೊಬ್ಬ ಪಂಕ್ತಿಯಲ್ಲಿ ಬಡಿಸುವವನ ಕೈ ಎಲ್ಲಿ ನಿಂತಿತು ಎಂದು ನೋಡುತ್ತಾನೆ. ರೆಪ್ರೆಸರ್ ಮೊದಲನೆಯವನು, ಅಟೆನ್ಯುಯೇಷನ್ ಎರಡನೆಯವನು. ಜೀವಕೋಶದಲ್ಲಿ ಟ್ರಿಪ್ಟೊಫ್ಯಾನ್ ಇದ್ದೂ ಟಿಆರ್‌ಎನ್‌ಎ ಮೇಲೆ ಹೇರಲಾಗದಿದ್ದರೆ ರೆಪ್ರೆಸರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಪ್ರೋಟೀನು ಕಟ್ಟುವ ಕೆಲಸ ನಿಂತಿದೆ ಎಂಬುದು ಅಟೆನ್ಯುಯೇಷನ್‌ಗೆ ಮಾತ್ರ ಗೊತ್ತು.

ಎರಡರ ಬಲವನ್ನೂ ಅಳೆದಿದ್ದಾರೆ. ರೆಪ್ರೆಸರ್ ಉತ್ಪಾದನೆಯನ್ನು ಸುಮಾರು 70 ಪಟ್ಟು ತಗ್ಗಿಸುತ್ತದೆ, ಅಟೆನ್ಯುಯೇಷನ್ ಸುಮಾರು 8ರಿಂದ 10 ಪಟ್ಟು. ಎರಡೂ ಸೇರಿದರೆ ಸುಮಾರು ಆರು ನೂರು ಪಟ್ಟು. ಅವು ಒಟ್ಟಿಗೆ ಕೆಲಸಕ್ಕೆ ಇಳಿಯುವುದೂ ಇಲ್ಲ. ಟ್ರಿಪ್ಟೊಫ್ಯಾನ್ ಇಳಿಯತೊಡಗಿದಾಗ ಮೊದಲು ರೆಪ್ರೆಸರ್ ಸಡಿಲಾಗುತ್ತದೆ, ಬರ ತೀವ್ರವಾದಾಗ ಮಾತ್ರ ಅಟೆನ್ಯುಯೇಷನ್ ಕೂಡ ದಾರಿಬಿಡುತ್ತದೆ ಎಂದು ಯಾನೊಫ್‌ಸ್ಕಿ ಬಳಗ 1984ರಲ್ಲಿ ತೋರಿಸಿತು.

ಈ ಬೆಳಕಿನಲ್ಲಿ ಹಿಸ್ಟಿಡೀನ್‌ನ ಒಗಟು ತಾನಾಗಿ ಬಿಚ್ಚಿಕೊಂಡಿತು. ಅದರ ಎಂಟು ಜೀನ್‌ಗಳ ಸಾಲಿಗೆ ಮುಂಚೆ ಇರುವ ಕಿರುಸರಪಳಿಯಲ್ಲಿ ಏಳು ಹಿಸ್ಟಿಡೀನ್‌ಗಳು ಸಾಲಾಗಿ ನಿಂತಿವೆ. ಅಲ್ಲಿ ರೆಪ್ರೆಸರ್ ಇಲ್ಲವೇ ಇಲ್ಲ. ಇಡೀ ನಿಯಂತ್ರಣ ರೈಬೋಸೋಮಿನದು. ಟಿಆರ್‌ಎನ್‌ಎ ಕೆಟ್ಟಾಗ ಆಪೆರಾನ್ ಏಕೆ ತೆರೆದುಕೊಳ್ಳುತ್ತಿತ್ತು ಎಂಬುದಕ್ಕೆ ಬೇರೆ ವಿವರಣೆ ಬೇಕಾಗಲಿಲ್ಲ. ಫೀನೈಲ್ ಅಲನೀನ್ ಆಪೆರಾನಿನ 15ರ ಸರಪಳಿಯಲ್ಲಿ ಏಳು ಫೀನೈಲ್ ಅಲನೀನ್, ಲ್ಯೂಸೀನ್‌ನದರಲ್ಲಿ ನಾಲ್ಕು ಲ್ಯೂಸೀನ್ ಒತ್ತೊತ್ತಾಗಿ ಸಿಕ್ಕವು. ಥ್ರಿಯೊನೀನ್‌ನದರಲ್ಲಿ ಥ್ರಿಯೊನೀನ್ ಜೊತೆ ಐಸೊಲ್ಯೂಸೀನ್ ಕೂಡ ಇದೆ. ಏಕೆಂದರೆ ಥ್ರಿಯೊನೀನಿನಿಂದಲೇ ಐಸೊಲ್ಯೂಸೀನ್ ತಯಾರಾಗುತ್ತದೆ. ಯಾನೊಫ್‌ಸ್ಕಿ 2018ರಲ್ಲಿ 92ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರಿಗೆ ನೊಬೆಲ್ ಬರಲಿಲ್ಲ, ಬರಬೇಕಿತ್ತು.

ಇದು ಬ್ಯಾಕ್ಟೀರಿಯಾಗಳಲ್ಲೆಲ್ಲ ಒಂದೇ ರೀತಿ ಎಂದುಕೊಂಡರೆ ತಪ್ಪು. ಮಣ್ಣಿನಲ್ಲಿ ಸಿಗುವ ಬ್ಯಾಸಿಲಸ್ ಸಬ್ಟಿಲಿಸ್ ಅದೇ ಟ್ರಿಪ್ಟೊಫ್ಯಾನನ್ನು ಬಹುಮಟ್ಟಿಗೆ ಅದೇ ಕಿಣ್ವಗಳಿಂದ ತಯಾರಿಸುತ್ತದೆ, ಅಳತೆ ಮಾತ್ರ ಸಂಪೂರ್ಣ ಬೇರೆ. ಅದರಲ್ಲಿ ಟ್ರ್ಯಾಪ್ ಎಂಬ ಪ್ರೋಟೀನಿದೆ: 11 ಒಂದೇ ತೆರನಾದ ಬಿಲ್ಲೆಗಳು ಸೇರಿ ಆದ ಉಂಗುರ. ಬಿಲ್ಲೆಗಳ ಸಂದುಗಳಲ್ಲಿ ಟ್ರಿಪ್ಟೊಫ್ಯಾನ್ ಕೂತಾಗ ಈ ಉಂಗುರದ ಸುತ್ತ ಆಪೆರಾನಿನ ಮುಂಭಾಗದ ಆರ್‌ಎನ್‌ಎ ಸುತ್ತಿಕೊಳ್ಳುತ್ತದೆ. ಆ ಆರ್‌ಎನ್‌ಎಯಲ್ಲೂ ಹಿಡಿದುಕೊಳ್ಳಲು ಸರಿಯಾಗಿ 11 ಗುರುತುಗಳಿವೆ. ಸುತ್ತಿಕೊಂಡರೆ ನಕಲು ನಿಲ್ಲಿಸುವ ಮಡಿಕೆ ಮೂಡುತ್ತದೆ. ಹಾಗಾದರೆ ಬ್ಯಾಸಿಲಸ್ ಉಗ್ರಾಣ ಮಾತ್ರ ನೋಡುತ್ತದೆಯೇ? ಇಲ್ಲ. 2001ರಲ್ಲಿ ಯಾನೊಫ್‌ಸ್ಕಿ ಪ್ರಯೋಗಾಲಯವೇ ಟ್ರ್ಯಾಪ್‌ನ ಕೈಕಟ್ಟುವ ಇನ್ನೊಂದು ಪ್ರೋಟೀನನ್ನು ಗುರುತಿಸಿತು. ಖಾಲಿ ಟಿಆರ್‌ಎನ್‌ಎ ಹೆಚ್ಚಿದಾಗ ಮಾತ್ರ ಅದು ಹುಟ್ಟುತ್ತದೆ. ಇ. ಕೋಲಿ ಮತ್ತು ಬ್ಯಾಸಿಲಸ್ ಎರಡೂ ಸಾಮಗ್ರಿಯನ್ನೂ ಬಡಿಸುವಿಕೆಯನ್ನೂ ಅಳೆಯುತ್ತವೆ; ಉಪಕರಣಗಳು ಮಾತ್ರ ಬೇರೆ. ಎರಡು ಬ್ಯಾಕ್ಟೀರಿಯಾ ಬಳಗಗಳು ಒಂದೇ ಉತ್ತರಕ್ಕೆ ಬೇರೆ ಬೇರೆ ಹಾದಿಯಿಂದ ಬಂದಿರುವುದೇ ಎರಡು ಅಳತೆಯೂ ಅಗತ್ಯ ಎಂಬುದಕ್ಕೆ ಬಲವಾದ ಪುರಾವೆ ಎಂದು ನಾನು ತಿಳಿಯುತ್ತೇನೆ.

ಖಾಲಿ ಟಿಆರ್‌ಎನ್‌ಎಯನ್ನು ಗುರುತಿಸಲು ಬ್ಯಾಸಿಲಸ್ ಬಳಸುವ ಉಪಾಯಕ್ಕೆ ಟಿ-ಬಾಕ್ಸ್ ಎನ್ನುತ್ತಾರೆ. 1993ರಲ್ಲಿ ಫ್ರ್ಯಾಂಕ್ ಗ್ರಂಡಿ ಮತ್ತು ಟೀನಾ ಹೆಂಕಿನ್ ಇದನ್ನು ಬಿಡಿಸಿ ತೋರಿಸಿದರು. ಇಲ್ಲಿ ರೈಬೋಸೋಮೂ ಬೇಡ, ಪ್ರೋಟೀನೂ ಬೇಡ. ಆರ್‌ಎನ್‌ಎಯ ಮುಂಭಾಗವೇ ಟಿಆರ್‌ಎನ್‌ಎಯನ್ನು ಎರಡು ಕಡೆ ಮುಟ್ಟಿ ನೋಡುತ್ತದೆ. ಒಂದು ಕಡೆ ಅದು ಯಾವ ಅಮೈನೋ ಆಮ್ಲದ್ದೆಂಬುದನ್ನು, ಇನ್ನೊಂದು ಕಡೆ ಅದರ ತುದಿ ಖಾಲಿಯೋ ಹೊರೆ ಹೊತ್ತಿದೆಯೋ ಎಂಬುದನ್ನು. ತುದಿ ಖಾಲಿಯಿದ್ದರೆ ಮಾತ್ರ ಜೀನ್ ತೆರೆಯುತ್ತದೆ. ಆಮೇಲೆ ಹತ್ತು ವರ್ಷಗಳಲ್ಲಿ ಇನ್ನೂ ಮುಂದಿನ ಹೆಜ್ಜೆ ಕಂಡಿತು. ಬ್ಯಾಸಿಲಸ್‌ನಲ್ಲಿ ಲೈಸೀನ್ ತಯಾರಿಯ ಒಂದು ಜೀನ್‌ನ ಮುಂಭಾಗದ ಆರ್‌ಎನ್‌ಎ ಲೈಸೀನ್ ಅಣುವನ್ನೇ ನೇರವಾಗಿ ಹಿಡಿದು, ಆಕಾರ ಬದಲಿಸಿ ನಕಲನ್ನು ನಿಲ್ಲಿಸುತ್ತದೆ ಎಂದು 2003ರಲ್ಲಿ ಗೊತ್ತಾಯಿತು. ಇಂಥವನ್ನು ರೈಬೋಸ್ವಿಚ್ ಎಂದು ಕರೆಯುತ್ತಾರೆ. ಜಾಕೋಬ್ ಮತ್ತು ಮೊನೊ ಊಹಿಸಿದ ಬಗೆಯಲ್ಲಿ ಅಲ್ಲದಿದ್ದರೂ ಜೀನ್‌ಗಳನ್ನು ಆಳುವ ಆರ್‌ಎನ್‌ಎ ನಿಜವಾಗಿಯೂ ಇತ್ತು.

ಒಂದೊಂದು ಅಮೈನೋ ಆಮ್ಲದ ಲೆಕ್ಕದ ಮೇಲೆ ಇಡೀ ಜೀವಕೋಶದ ಲೆಕ್ಕವೂ ಇದೆ. ಖಾಲಿ ಟಿಆರ್‌ಎನ್‌ಎ ರೈಬೋಸೋಮಿನೊಳಗೆ ಬಂದು ಕೂತರೆ ರೆಲ್‌ಎ ಎಂಬ ಕಿಣ್ವ ಎಚ್ಚತ್ತು ಪಿಪಿಜಿಪಿಪಿ ಎಂಬ ಸಣ್ಣ ಅಣುವನ್ನು ತಯಾರಿಸುತ್ತದೆ. 1969ರಲ್ಲಿ ಮೈಕೆಲ್ ಕ್ಯಾಶೆಲ್ ಮತ್ತು ಜೋನಾಥನ್ ಗ್ಯಾಲಂಟ್ ಇದನ್ನು ಕಂಡರು. ಅದು ಹೊಸ ರೈಬೋಸೋಮ್‌ಗಳ ನಿರ್ಮಾಣವನ್ನು ತಡೆದು, ಅಮೈನೋ ಆಮ್ಲ ತಯಾರಿಸುವ ಹಲವು ಜೀನ್‌ಗಳನ್ನು ಹುರಿದುಂಬಿಸುತ್ತದೆ. ಅದನ್ನು ತಯಾರಿಸಲಾಗದ ಇ. ಕೋಲಿಗೆ ಅಮೈನೋ ಆಮ್ಲಗಳನ್ನು ಉಣಿಸದೆ ಬದುಕಿಲ್ಲ. ಬ್ಯಾಸಿಲಸ್ ಮತ್ತು ಅದರ ಬಳಗದಲ್ಲಿ ಕೋಡ್‌ವೈ ಎಂಬ ಪ್ರೋಟೀನು ಐಸೊಲ್ಯೂಸೀನ್, ಲ್ಯೂಸೀನ್, ವ್ಯಾಲೀನ್‌ಗಳನ್ನೂ ಶಕ್ತಿ ಹೊರುವ ಅಣುವಾದ ಜಿಟಿಪಿಯನ್ನೂ ಒಟ್ಟಿಗೆ ನೋಡಿ ಇಡೀ ಮನೆಯ ಖರ್ಚು ನಿರ್ಧರಿಸುತ್ತದೆ. ಇ. ಕೋಲಿಯಲ್ಲಿ ಹತ್ತಿರದ ಪಾತ್ರ ಲ್ಯೂಸೀನ್‌ಗೆ ಸ್ಪಂದಿಸುವ ಎಲ್‌ಆರ್‌ಪಿಯದು. ಜೀನ್‌ಗಳು ತೆರೆಯುವ ಕ್ರಮದಲ್ಲೂ ಲೆಕ್ಕಾಚಾರವಿದೆ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಯೂರಿ ಆಲನ್ ಬಳಗ 2004ರಲ್ಲಿ ತೋರಿಸಿದಂತೆ, ಅರ್ಜಿನೀನ್‌ನಂಥ ಹಾದಿಗಳಲ್ಲಿ ಮೊದಲು ಬೇಕಾಗುವ ಕಿಣ್ವದ ಜೀನ್ ಮೊದಲು ಮತ್ತು ಹೆಚ್ಚು ಬಲವಾಗಿ ತೆರೆಯುತ್ತದೆ, ಕೊನೆಯದು ಕೆಲವು ನಿಮಿಷ ತಡವಾಗಿ.

ಈ ನಿಯಂತ್ರಣವನ್ನು ಮುರಿದೇ ಮನುಷ್ಯ ಒಂದು ದೊಡ್ಡ ಉದ್ಯಮ ಕಟ್ಟಿದ್ದಾನೆ. 1950ರ ದಶಕದಲ್ಲಿ ಜಪಾನಿನ ಕ್ಯೋವಾ ಹಕ್ಕೊ ಕಂಪನಿಯಲ್ಲಿ ಗ್ಲುಟಮೇಟನ್ನು ಹೊರಚೆಲ್ಲುವ ಕೊರಿನೆಬ್ಯಾಕ್ಟೀರಿಯಂ ಗ್ಲುಟಾಮಿಕಂ ಸಿಕ್ಕಿತು. ಅದೇ ಬ್ಯಾಕ್ಟೀರಿಯಾದ ಮ್ಯುಟೆಂಟ್‌ಗಳಿಂದ ಲೈಸೀನ್ ತಯಾರಿಯೂ ಶುರುವಾಯಿತು. ಸಾಮಾನ್ಯ ತಳಿಯಲ್ಲಿ ಲೈಸೀನ್ ಮತ್ತು ಥ್ರಿಯೊನೀನ್ ಎರಡೂ ಸೇರಿ ಹಾದಿಯ ಮೊದಲ ಕಿಣ್ವವನ್ನು ತಡೆಯುತ್ತವೆ; ಇದು ಅಂಬಾರ್ಗರ್ ಕಂಡ ಬಗೆಯ ತಡೆ. ಆ ತಡೆಗೆ ಬಗ್ಗದ ಕಿಣ್ವವಿರುವ ತಳಿಯನ್ನು ಆರಿಸಿದರೆ ಅದು ತನಗೆ ಬೇಕಾದ್ದಕ್ಕಿಂತ ಬಹಳ ಹೆಚ್ಚು ಲೈಸೀನ್ ತಯಾರಿಸಿ ಹೊರಹಾಕುತ್ತದೆ. ಕೋಳಿ ಆಹಾರದ ಮುಖ್ಯ ಕಾಳು ಮೆಕ್ಕೆಜೋಳದಲ್ಲಿ ಲೈಸೀನ್ ಕಡಿಮೆ. ಆದ್ದರಿಂದ ದಾವಣಗೆರೆ, ಹಾವೇರಿ ಕಡೆಯ ಮೆಕ್ಕೆಜೋಳ ಕೋಳಿ ಆಹಾರವಾಗುವಾಗ ಅದಕ್ಕೆ ಲೈಸೀನ್ ಬೆರೆಸಬೇಕಾಗುತ್ತದೆ. ಅದು ಬರುವುದು ಇಂಥ ಬ್ಯಾಕ್ಟೀರಿಯಾಗಳಿಂದಲೇ.

ರೋಗದಲ್ಲೂ ಈ ಲೆಕ್ಕ ಜೀವನ್ಮರಣದ್ದು. ಸೋಂಕು ತಗುಲಿದಾಗ ನಮ್ಮ ಜೀವಕೋಶಗಳು ಇಂಟರ್‌ಫೆರಾನ್ ಗಾಮಾ ಸೂಚನೆಯ ಮೇರೆಗೆ ಟ್ರಿಪ್ಟೊಫ್ಯಾನನ್ನು ಒಡೆದುಹಾಕಿ ಒಳನುಗ್ಗಿದವನನ್ನು ಉಪವಾಸ ಕೆಡವುತ್ತವೆ. ಕ್ಷಯದ ಬ್ಯಾಕ್ಟೀರಿಯಾ ತನ್ನ ಟ್ರಿಪ್ಟೊಫ್ಯಾನನ್ನು ತಾನೇ ತಯಾರಿಸಿ ಈ ಉಪವಾಸವನ್ನು ದಾಟುತ್ತದೆ, ಆ ತಯಾರಿಯನ್ನು ತಡೆದರೆ ನಮ್ಮ ರೋಗನಿರೋಧಕ ಕೋಶಗಳ ದಾಳಿಗೆ ಸುಲಭವಾಗಿ ತುತ್ತಾಗುತ್ತದೆ ಎಂದು 2013ರ ಸಂಶೋಧನೆ ತೋರಿಸಿತು. ಕ್ಷಯ ಇನ್ನೂ ಮನೆಮನೆಯ ದುಃಖವಾಗಿರುವ ನಮ್ಮ ದೇಶದಲ್ಲಿ ಈ ಹಾದಿಯ ಮೇಲೆ ಔಷಧ ಹುಡುಕುವ ಕೆಲಸ ಇನ್ನಷ್ಟು ನಡೆಯಬೇಕು.

ಎಪ್ಪತ್ತು ವರ್ಷಗಳ ಕೆಲಸವನ್ನು ಓದಿ ನಾನು ತಲುಪಿದ ತೀರ್ಮಾನ ಇದು: ಬ್ಯಾಕ್ಟೀರಿಯಾ ಕೊರತೆಯನ್ನು ಒಂದೇ ಕಡೆ ಅಳೆಯುವುದಿಲ್ಲ. ಇರುವ ಅಮೈನೋ ಆಮ್ಲವನ್ನು, ಅದನ್ನು ಹೊತ್ತ ಟಿಆರ್‌ಎನ್‌ಎಯನ್ನು, ರೈಬೋಸೋಮಿನ ನಡಿಗೆಯನ್ನು ಬೇರೆ ಬೇರೆಯಾಗಿ ಅಳೆಯುತ್ತದೆ; ಅಳೆಯುವ ಕೈ ಬಹಳ ಸಲ ಪ್ರೋಟೀನಿನದಲ್ಲ, ಆರ್‌ಎನ್‌ಎಯದು. ನಮ್ಮ ದ್ವಿತೀಯ ಪಿಯುಸಿ ಜೀವಶಾಸ್ತ್ರದ ಪಠ್ಯದಲ್ಲಿ ಜೀನ್ ನಿಯಂತ್ರಣ ಎಂದರೆ ಲ್ಯಾಕ್ ಆಪೆರಾನ್. ಟ್ರಿಪ್ಟೊಫ್ಯಾನ್ ಆಪೆರಾನಿಗೆ ಹೆಸರಿನಷ್ಟೇ ಜಾಗ. ಪಠ್ಯ ಬದಲಾಗುವವರೆಗೆ ಕಾಯದೆ, ಲ್ಯಾಕ್ ಪಾಠ ಮುಗಿಸಿದ ಅಧ್ಯಾಪಕರು ಇನ್ನೊಂದು ತರಗತಿ ತೆಗೆದುಕೊಂಡು ಆ 162 ಅಕ್ಷರಗಳ ಮುಂಭಾಗವನ್ನು ಕಪ್ಪುಹಲಗೆಯ ಮೇಲೆ ಬರೆದು, ನಾಲ್ಕು ತುಂಡುಗಳು ಮಡಚುವುದನ್ನು ಮಕ್ಕಳಿಗೆ ತೋರಿಸಲಿ ಎಂದು ಕೇಳಿಕೊಳ್ಳುತ್ತೇನೆ.